ಉಪ್ಪಾರಹಳ್ಳಿಯಲ್ಲಿ ತಟ್ಟೆ ತಿರುಗುವ ಪರಿ: ಒಂದು ತ್ರಿಮತ ವಿಮರ್ಶೆ

ಜಗತ್ತಿನಲ್ಲಿ ತಿರುಗುವ ವಸ್ತುಗಳು ಎರಡು ಬಗೆ. ತಾವಾಗಿಯೇ ತಿರುಗುವವು ಮತ್ತು ಯಾರಾದರೂ ತಿರುಗಿಸಿದರೆ ಮಾತ್ರ ತಿರುಗುವವು. ಭೂಮಿ, ಚಂದ್ರ, ಪರೀಕ್ಷೆ ಮುಗಿಸಿದ ಹುಡುಗರು ಮೊದಲನೆಯ ವರ್ಗಕ್ಕೆ ಸೇರುತ್ತಾರೆ. ಗ್ರಾಮಫೋನ್ ತಟ್ಟೆ ಎರಡನೆಯದು. ಅದನ್ನು ತಿರುಗಿಸುವುದು ಹೇಗೆ ಎಂಬ ಬಗ್ಗೆ ಇಂಗ್ಲೆಂಡ್, ಅಮೆರಿಕ, ಜಪಾನುಗಳಲ್ಲಿ ಬೇಕಾದಷ್ಟು ಚಿಂತನ ಮಂಥನ ನಡೆದಿದೆ. ತುಮಕೂರಿನ ಉಪ್ಪಾರಹಳ್ಳಿಯ ದೃಷ್ಟಿಯಿಂದ ಮಾತ್ರ ಯಾರೂ ಯೋಚಿಸಿಲ್ಲ. ವಿದ್ವತ್ ಲೋಕದ ಈ ಅಕ್ಷಮ್ಯ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ವ್ಯಾಪ್ತಿ: ಪಶ್ಚಿಮಕ್ಕೆ ಗುಬ್ಬಿ, ದಕ್ಷಿಣಕ್ಕೆ ಕುಣಿಗಲ್. ಅಧ್ಯಯನದ ಅವಧಿ: ಕರೆಂಟು ಇದ್ದಷ್ಟು ಹೊತ್ತು.

ಇದು ಮನೆಯಲ್ಲಿ ಕೂತು ರೆಕಾರ್ಡು ಕೇಳುವವರ ಅಧ್ಯಯನವಾದ್ದರಿಂದ ಮೊದಲು ‘ಮನೆ’ ಎಂದರೇನು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಮೈಸೂರಿನ ಜಯಚಾಮರಾಜ ಒಡೆಯರ್ ಮನೆಯಲ್ಲಿ ಕೂತು ರೆಕಾರ್ಡು ಕೇಳಿದವರೇ. ಅಷ್ಟಕ್ಕೇ ನಿಲ್ಲದೆ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಲಂಡನ್ನಿನ ಎಚ್‌ಎಂವಿ ಕಂಪನಿಯಿಂದ ರೆಕಾರ್ಡು ಮಾಡಿಸಲು ಕೈಯಿಂದ ಹಣ ಕೊಟ್ಟರು. ಆದರೆ ಅವರ ಮನೆ ಅರಮನೆ. ಅಲ್ಲಿ ಪಕ್ಕದ ಮನೆಯ ಗೋಡೆ ನಮ್ಮ ಗೋಡೆಯೂ ಆಗಿರುವುದಿಲ್ಲ. ಪಲ್ಲವಿ ಮುಗಿದು ಅನುಪಲ್ಲವಿ ಹಿಡಿಯುವಷ್ಟರಲ್ಲಿ ಆ ಗೋಡೆಯಾಚೆ ಮಿಕ್ಸಿಯಲ್ಲಿ ಚಟ್ನಿ ರುಬ್ಬುವುದಿಲ್ಲ. ಆದ್ದರಿಂದ ಅರಮನೆಯನ್ನು ಈ ಅಧ್ಯಯನದಿಂದ ಗೌರವಪೂರ್ವಕವಾಗಿ ಕೈಬಿಡಲಾಗಿದೆ.

ತಟ್ಟೆಯನ್ನು ಮೋಟಾರಿನಿಂದ ತಿರುಗಿಸುವ ತ್ರಿಮತಗಳಿಗೂ ಹಿಂದೆ ಕೀಲಿಯ ಯುಗವೊಂದಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ತಗಡಿನ ಕೊಳವೆಯ ಮುಂದೆ ನಿಂತು ರೆಕಾರ್ಡಿಗೆ ಹಾಡಿದಾಗಿನಿಂದ (ಆಕೆ ಕೊನೆಗಾಲಕ್ಕೆ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು) ಬಹುಕಾಲ ತಟ್ಟೆ ತಿರುಗಿದ್ದು ಕೀ ಕೊಟ್ಟ ಸ್ಪ್ರಿಂಗಿನ ಬಲದಿಂದ. ವೇಗ ಹದ್ದುಮೀರದಂತೆ ನೋಡಿಕೊಳ್ಳಲು ಗವರ್ನರ್ ಎಂಬ ಪುಟ್ಟ ಗುಂಡುಗಳ ಗುಂಪು ಗಿರಗಿರನೆ ಸುತ್ತುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷದ ಹಾಡು. ಅದು ಮುಗಿದ ಕೂಡಲೇ ಮತ್ತೆ ಕೀ ಕೊಡು, ಉಕ್ಕಿನ ಮುಳ್ಳು ಬದಲಾಯಿಸು. ಕೀ ಸಡಿಲವಾಗುತ್ತ ಬಂದರೆ ಹೆಣ್ಣುದನಿ ಮೆಲ್ಲಗೆ ಗಂಡುದನಿಯಾಗುತ್ತಿತ್ತು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಸೀಮೆಯಲ್ಲಿ ಗಂಡಸರೇ ಸೀರೆಯುಟ್ಟು ಹಾಡುವುದನ್ನು ನೋಡಿ ಪಳಗಿದವರಿಗೆ ಇದೊಂದು ದೋಷ ಎಂದು ಹೊಳೆಯಲೇ ಇಲ್ಲ. ಕರೆಂಟಿನ ಹಂಗಿಲ್ಲದ ಏಕೈಕ ಪದ್ಧತಿ ಇದು ಎಂಬುದನ್ನು ಓದುಗರು ಗುರುತು ಹಾಕಿಟ್ಟುಕೊಳ್ಳಬೇಕು.

ಇನ್ನು ಮತಗಳಿಗೆ ಬರೋಣ. ಐಡ್ಲರ್ ಪದ್ಧತಿಯನ್ನು ವಿಶಿಷ್ಟಾದ್ವೈತವೆಂದೇ ಕರೆಯಬೇಕು. ಇಲ್ಲಿ ಮೋಟಾರು ಬೇರೆ, ತಟ್ಟೆ ಬೇರೆ. ಆದರೂ ನಡುವೆ ಒಂದು ರಬ್ಬರ್ ಚಕ್ರ ಎರಡನ್ನೂ ಒತ್ತಿ ಹಿಡಿದು ಅಗಲದಂತೆ ಬೆಸೆದಿದೆ. 1954ರ ಗ್ಯಾರಾರ್ಡ್ 301 ಈ ಮತದ ಆಚಾರ್ಯಪೀಠ. ಅದರ ತಟ್ಟೆ ಸ್ವಿಚ್ಚು ಒತ್ತಿದ ತಕ್ಷಣ ವೇಗ ಹಿಡಿಯುತ್ತದೆ. ಬೆರಳಿಟ್ಟು ತಡೆದರೂ ಸುಲಭಕ್ಕೆ ಜಗ್ಗುವುದಿಲ್ಲ. ಮೋಟಾರಿನ ನಡುಕವೂ ಅಷ್ಟೇ ನಿಷ್ಠೆಯಿಂದ ಚಕ್ರದ ಮೂಲಕ ತಟ್ಟೆಗೆ, ತಟ್ಟೆಯಿಂದ ಮುಳ್ಳಿಗೆ, ಮುಳ್ಳಿನಿಂದ ಸ್ಪೀಕರಿಗೆ ತಲುಪಿ, ಹಾಡಿನಡಿಯಲ್ಲಿ ಗುಡುಗುಡು ಎನ್ನುತ್ತದೆ. ಇದಕ್ಕೆ ರಂಬಲ್ ಎಂದು ಹೆಸರು. ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆಗಳನ್ನೇ ತಂದ ಗುಬ್ಬಿ ವೀರಣ್ಣನವರ ಊರಿನ ಕಡೆಯವರು ಇಷ್ಟಕ್ಕೆಲ್ಲ ಬೆಚ್ಚುವುದಿಲ್ಲ. ಆದರೆ ಪೆಟ್ಟಿಗೆಯನ್ನು ಗೇರಿನಲ್ಲೇ ಬಿಟ್ಟು ಆರು ತಿಂಗಳು ಮರೆತರೆ ರಬ್ಬರ್ ಚಕ್ರಕ್ಕೆ ತಗ್ಗು ಬೀಳುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಟಕ್, ಟಕ್. ಅದನ್ನು ತಾಳವೆಂದು ಭಾವಿಸಿ ಸಮಾಧಾನಪಟ್ಟವರ ಮತವನ್ನು ಇಲ್ಲಿ ಚರ್ಚಿಸುವುದಿಲ್ಲ.

ಬೆಲ್ಟ್ ಪದ್ಧತಿ ಅಪ್ಪಟ ದ್ವೈತ. ಮೋಟಾರು ಒಂದು ಮೂಲೆಯಲ್ಲಿ ದೂರ ಕೂತಿರುತ್ತದೆ. ತಟ್ಟೆಗೂ ಅದಕ್ಕೂ ಇರುವ ಸಂಬಂಧ ತೆಳ್ಳನೆಯ ರಬ್ಬರ್ ಪಟ್ಟಿ ಮಾತ್ರ. ಅಮೆರಿಕದ ಎಡ್ಗರ್ ವಿಲ್ಚರ್ 1961ರಲ್ಲಿ ತಟ್ಟೆಯನ್ನೂ ಮುಳ್ಳು ಹಿಡಿದ ಕೈಯನ್ನೂ ಸ್ಪ್ರಿಂಗುಗಳ ಮೇಲೆ ತೂಗುಬಿಟ್ಟು, ಬೆಲ್ಟಿನಿಂದ ತಿರುಗಿಸುವ ಪೆಟ್ಟಿಗೆ ತಂದ ಮೇಲೆ ಈ ಮತ ಮನೆಮನೆಗೂ ಹಬ್ಬಿತು. ನಡುಕವನ್ನು ರಬ್ಬರೇ ನುಂಗಿಕೊಳ್ಳುವುದರಿಂದ ನಿಶ್ಶಬ್ದ ಹೆಚ್ಚು. ದ್ವೈತವಾದ ಮೇಲೆ ಪಂಚಭೇದ ಇರಲೇಬೇಕಲ್ಲ: ಮೋಟಾರಿಗೂ ತಟ್ಟೆಗೂ ಭೇದ, ತಟ್ಟೆಗೂ ರೆಕಾರ್ಡಿಗೂ ಭೇದ (ನಡುವೆ ಚಾಪೆ), ರೆಕಾರ್ಡಿಗೂ ಅದರ ಹೊದಿಕೆಗೂ ಭೇದ (ಒಳಗೆ ಬೇರೆಯವರ ರೆಕಾರ್ಡು ಇರುತ್ತದೆ), ಹೊಸ ಬೆಲ್ಟಿಗೂ ಹಳೆಯ ಬೆಲ್ಟಿಗೂ ಭೇದ, ಕೊನೆಯದಾಗಿ ಒಬ್ಬ ಬೆಲ್ಟ್‌ವಾದಿಗೂ ಇನ್ನೊಬ್ಬ ಬೆಲ್ಟ್‌ವಾದಿಗೂ ಭೇದ.

ದುರ್ದೈವವೆಂದರೆ ಬೆಲ್ಟು ಅನಿತ್ಯ. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಸಡಿಲವಾಗುತ್ತದೆ. ಬಹಳ ವರ್ಷ ಮುಟ್ಟದೆ ಬಿಟ್ಟರೆ ಟಾರಿನಂತೆ ಕರಗಿ ಬೆರಳಿಗೆ ಮೆತ್ತಿಕೊಂಡು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಬಿಡುವುದಿಲ್ಲ. ಹೊಸ ಬೆಲ್ಟಿಗೆ ಬೆಂಗಳೂರಿನ ಎಸ್‌ಪಿ ರಸ್ತೆಯ ಯಾತ್ರೆ ಮಾಡಬೇಕು. ಯಾತ್ರೆಗೆ ಬೇಸತ್ತು ಟೈಲರ್ ಅಂಗಡಿಯ ಎಲಾಸ್ಟಿಕ್ಕನ್ನೇ ಗಂಟುಹಾಕಿ ತೊಡಿಸುವ ಶಾಖೆಯೂ ಉಂಟು. ಆ ಗಂಟು ಪುಲ್ಲಿಯ ಮೇಲೆ ಹಾಯುವಾಗಲೆಲ್ಲ ಗಾಯಕ ಪಿ. ಕಾಳಿಂಗರಾಯರ ದನಿಗೂ ಕುದುರೆಯ ನಡಿಗೆ ಬರುತ್ತದೆ. ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಫಾರಂ ಇರುವುದರಿಂದ ಆ ಭಾಗದ ರಸಿಕರು ಇದನ್ನು ಮೆಚ್ಚಿದರು ಎಂಬ ವಾದವನ್ನು ಪುರಾವೆಯ ಅಭಾವದಿಂದ ತಳ್ಳಿಹಾಕಲಾಗಿದೆ.

ಮೂರನೆಯದು ಡೈರೆಕ್ಟ್ ಡ್ರೈವ್, ಅಂದರೆ ಅದ್ವೈತ. ಜಪಾನಿನ ಟೆಕ್ನಿಕ್ಸ್ 1970ರಲ್ಲಿ ಎಸ್‌ಪಿ-10 ಎಂಬ ಪೆಟ್ಟಿಗೆಯಲ್ಲಿ ಚಕ್ರವನ್ನೂ ಪಟ್ಟಿಯನ್ನೂ ಮಿಥ್ಯೆ ಎಂದು ಕಿತ್ತೆಸೆದು, ತಟ್ಟೆಯನ್ನು ಮೋಟಾರಿನ ಅಚ್ಚಿನ ಮೇಲೆಯೇ ಕೂರಿಸಿತು. ತಟ್ಟೆಯೇ ಮೋಟಾರು, ಮೋಟಾರೇ ತಟ್ಟೆ. ಭೇದ ಕಂಡರೆ ಅದು ಮಾಯೆ, ಇಲ್ಲವೇ ಗ್ಯಾರಂಟಿ ಮುಗಿದಿದೆ ಎಂದರ್ಥ. 1972ರಲ್ಲಿ ಮನೆಗೆಂದೇ ಬಂದ ಎಸ್‌ಎಲ್-1200 ಆಮೇಲೆ ಡಿಜೆಗಳ ಕೈಗೆ ಸಿಕ್ಕಿ ಹಿಂದೆಮುಂದೆ ಎಳೆಸಿಕೊಂಡಿತು. 2010ರಲ್ಲಿ ತಯಾರಿಕೆ ನಿಂತು, 2016ರಲ್ಲಿ ಪುನರ್ಜನ್ಮ ಪಡೆಯಿತು. ಅದ್ವೈತಿಗಳು ಪುನರ್ಜನ್ಮವನ್ನು ವ್ಯಾವಹಾರಿಕ ಸತ್ಯವೆಂದು ಒಪ್ಪುತ್ತಾರಾದ್ದರಿಂದ ಇದರಲ್ಲಿ ವಿರೋಧವೇನೂ ಇಲ್ಲ.

ವೇಗದ ಏರಿಳಿತವನ್ನು ಹತ್ತಿಕ್ಕುವುದರಲ್ಲಿ ಈ ಪೆಟ್ಟಿಗೆಯನ್ನು ಹಿಡಿಯುವವರಿಲ್ಲ. 1979ರ ಎಂಕೆ-2 ಮಾದರಿಗೆ ಕಂಪನಿ ಬರೆದುಕೊಂಡಿರುವುದು ನೂರಕ್ಕೆ 0.025. ತುಮಕೂರಿನಲ್ಲಿ ಆ ಹಿಂದಿನ ವರ್ಷವೇ ಎಚ್‌ಎಂಟಿ ಗಡಿಯಾರ ಕಾರ್ಖಾನೆ ತೆರೆದಿದ್ದರಿಂದ ಇಲ್ಲಿಯ ಲೆಕ್ಕ ಬೇರೆ: ಗಡಿಯಾರಕ್ಕೆ ಅಷ್ಟೇ ಪ್ರಮಾಣದ ತಪ್ಪು ಬಂದರೆ ದಿನಕ್ಕೆ ಸುಮಾರು 22 ಸೆಕೆಂಡು ಹಿಂದೆ! ಏರಿಳಿತ ಬೇರೆ, ಹಿಂದೆಬೀಳುವುದು ಬೇರೆ ಎಂದು ತಕರಾರು ತೆಗೆಯುವವರ ಮಾತು ನಿಜ. ನಿಜವಾದ ಮಾತನ್ನು ತಕರಾರು ಎಂದು ಕರೆಯುವುದು ನಮ್ಮಲ್ಲಿ ರೂಢಿ.

ಹೀಗೆ ಮೂರು ಮತಗಳೂ ಜಗಳಾಡುತ್ತಿರುವಾಗ ಉಪ್ಪಾರಹಳ್ಳಿ ಎತ್ತುವ ಪ್ರಶ್ನೆ ಬೇರೆಯೇ. ಬೆಲ್ಟ್‌ವಾದಿಯೊಬ್ಬರು ನೆಂಟರನ್ನು ಕೂರಿಸಿಕೊಂಡು, ‘ಕಿವಿಗೊಟ್ಟು ಕೇಳಿ, ರಂಬಲ್ ಸೊನ್ನೆ’ ಎಂದು ಬೆರಳೆತ್ತುವುದಕ್ಕೂ ಅರಸೀಕೆರೆ ಕಡೆಯ ಗೂಡ್ಸ್ ರೈಲು ಹಾಯುವುದಕ್ಕೂ ಸರಿಹೋಗುತ್ತದೆ. ಷೋಕೇಸಿನ ಗಾಜು ನಡುಗುತ್ತದೆ, ಗಾಜಿನೊಳಗಿನ ಬೊಂಬೆ ತಲೆಯಾಡಿಸುತ್ತದೆ, ಮುಳ್ಳು ಒಂದು ಗೆರೆ ಹಾರಿ ಚರಣವನ್ನು ಬಿಟ್ಟು ಮಂಗಳಕ್ಕೆ ಬರುತ್ತದೆ. ಇದಕ್ಕೆ ಯಾವ ಆಚಾರ್ಯರ ಭಾಷ್ಯದಲ್ಲೂ ಪರಿಹಾರವಿಲ್ಲ. ಗೋಡೆಗೆ ಬ್ರಾಕೆಟ್ಟು ಹೊಡೆದು, ಮೇಲೊಂದು ಕಡಪಾ ಕಲ್ಲು ಹಾಸಿ, ಪೆಟ್ಟಿಗೆಯನ್ನು ಅದರ ಮೇಲಿಡುವುದೇ ಸಿದ್ಧಾಂತ. ಗೋಡೆ ಮಿಕ್ಸಿಯವರದ್ದಲ್ಲದ ಕಡೆಯದಾಗಿರಬೇಕು.

ಅದಕ್ಕೂ ದೊಡ್ಡ ತೊಡಕು ಕರೆಂಟಿನದು. ಹಳೆಯ ಬೆಲ್ಟ್ ಪೆಟ್ಟಿಗೆಗಳಲ್ಲಿ ಬಹುಪಾಲಿನ ಸಿಂಕ್ರೊನಸ್ ಮೋಟಾರು ತಿರುಗುವುದು ಕರೆಂಟಿನ 50 ಹರ್ಟ್ಸ್ ಲಯಕ್ಕೆ. ಲಯ 48ಕ್ಕೆ ಇಳಿದರೆ ತಟ್ಟೆ ನೂರಕ್ಕೆ ನಾಲ್ಕರಷ್ಟು ನಿಧಾನವಾಗಿ, ಶ್ರುತಿ ಮುಕ್ಕಾಲು ಸ್ವರಸ್ಥಾನದ ಹತ್ತಿರ ಕೆಳಗೆ ಬರುತ್ತದೆ. ದಕ್ಷಿಣದ ಗ್ರಿಡ್ಡು ಐವತ್ತಕ್ಕಿಂತ ಕೆಳಗೇ ತೆವಳುತ್ತಿದ್ದ ಕಾಲವೊಂದಿತ್ತು. ಇದನ್ನು ಪತ್ತೆಹಚ್ಚಲು ಗೆರೆ ಬರೆದ ಸ್ಟ್ರೋಬ್ ಹಾಳೆಯನ್ನು ತಟ್ಟೆಯ ಮೇಲಿಟ್ಟು ದೀಪದಡಿ ನೋಡುತ್ತಾರಷ್ಟೆ. ಆದರೆ ದೀಪವೂ ಅದೇ ಕರೆಂಟಿನದು. ಲಯ ಇಳಿದರೆ ಎರಡೂ ಒಟ್ಟಿಗೇ ಇಳಿದು, ಗೆರೆಗಳು ‘ಎಲ್ಲ ಸರಿಯಾಗಿದೆ’ ಎಂದು ನಿಂತೇ ತೋರುತ್ತವೆ. ಕಳ್ಳನ ಪರವಾಗಿ ಅವನ ತಮ್ಮ ಸಾಕ್ಷಿ ಹೇಳಿದ ಹಾಗೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಚಾಲೂ ಆಗಿ ದಕ್ಷಿಣದ ಗ್ರಿಡ್ಡು ದೇಶದ ಗ್ರಿಡ್ಡಿಗೆ ಸೇರಿತು. ಅಂದಿನಿಂದ ಉಪ್ಪಾರಹಳ್ಳಿಯ ಷಡ್ಜ ಕಾಶ್ಮೀರದ ಷಡ್ಜದ ಜೊತೆ ಒಂದಾಗಿದೆ. ರಾಷ್ಟ್ರೀಯ ಭಾವೈಕ್ಯದ ಭಾಷಣಗಳಲ್ಲಿ ಈ ಸಾಧನೆ ಯಾಕೆ ಬರುವುದಿಲ್ಲವೋ ತಿಳಿಯದು. ಕ್ವಾರ್ಟ್ಸ್ ಕೂರಿಸಿದ ಅದ್ವೈತದ ಪೆಟ್ಟಿಗೆ ಮಾತ್ರ ಇದ್ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ತನ್ನ ಲಯವನ್ನು ತಾನೇ ಇಟ್ಟುಕೊಳ್ಳುತ್ತದೆ.

ತೀರ್ಪು ಕೇಳುವವರಿಗೆ: ಸೆಕೆ, ರೈಲು, ಎಸ್‌ಪಿ ರಸ್ತೆಯ ದೂರ ಇವನ್ನೆಲ್ಲ ತೂಗಿ ನೋಡಿದರೆ ಈ ಸೀಮೆಗೆ ಡೈರೆಕ್ಟ್ ಡ್ರೈವೇ ವಾಸಿ. ಕರೆಂಟು ಹೋದಾಗ ಕೀಲಿಯ ಪೆಟ್ಟಿಗೆ. ಆದರೆ ಸವೆದ ಮುಳ್ಳನ್ನು ಹಾಗೇ ಇಟ್ಟುಕೊಂಡು ಡ್ರೈವಿನ ಬಗ್ಗೆ ವಾದ ಮಾಡುವವರು ಯಾವ ಮತಕ್ಕೂ ಅರ್ಹರಲ್ಲ. ಆ ಮುಳ್ಳು ರೆಕಾರ್ಡನ್ನೇ ಕೆರೆದು ತಿನ್ನುತ್ತದೆ.

ಕೊನೆಗೊಂದು ವಿನಂತಿ. ಕರೆಂಟಿನ ಲಯ 50 ಹರ್ಟ್ಸ್ ಇದ್ದಾಗ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದರಡಿ 180 ಗೆರೆಯ ಹಾಳೆ ನಿಂತಂತೆ ಕಂಡರೆ ವೇಗ ಸರಿಯಾಗಿ ನಿಮಿಷಕ್ಕೆ 33⅓ ಸುತ್ತು. (45ಕ್ಕೆ 133⅓ ಗೆರೆ ಬೇಕು, ಮೂರನೇ ಒಂದು ಗೆರೆ ಎಳೆಯುವ ಕಲೆ ಯಾರಿಗೂ ಸಿದ್ಧಿಸದೆ 133ಕ್ಕೇ ರಾಜಿಯಾಗಿದ್ದಾರೆ.) ಅನೇಕ ಎಲ್‌ಇಡಿ ಬಲ್ಬುಗಳಡಿ ಈ ಗೆರೆಗಳು ನೆಟ್ಟಗೆ ಕಾಣುವುದೇ ಇಲ್ಲ. ಎಲ್ಲ ಬದಲಾಯಿಸಿ ಎಲ್‌ಇಡಿ ಹಾಕಿಸುವವರು ದಯವಿಟ್ಟು ತಟ್ಟೆಯ ಮೇಲ್ಗಡೆಯ ಒಂದು ಟ್ಯೂಬ್‌ಲೈಟನ್ನು ಹಾಗೇ ಬಿಡಿ. ಸ್ಟಾರ್ಟರು ಕೆಟ್ಟಿದ್ದರೆ ಹೊಸದು ಹಾಕಿಸಿ.