ಬಾಯಿ ತೆರೆದೂ ತುಟಿ ಪಿಟಕ್ಕೆನ್ನದವರಿಗೆ

ಪ್ರೀತಿಯ ರೋಗಿಗಳೇ,

ಮುಖ್ಯರಸ್ತೆಯ ಹಲ್ಲಿನ ಕ್ಲಿನಿಕ್ಕಿನ ಮಾಲೀಕನಾದ ನಾನು ನಿಮಗೆ ಋಣಿ. ನಾನು ರೂಟ್ ಕೆನಾಲ್ ಮಾಡಿದ ಹಲ್ಲಿಗೆ ಮತ್ತೆ ಕೀವು ತುಂಬಿದಾಗ ನೀವು ಮಾಡಿದ್ದೇನು? ಹಣೆಬರಹ ಎಂದಿರಿ, ಲವಂಗ ಕಚ್ಚಿದಿರಿ, ನೆಂಟರ ಮದುವೆಯ ಪಂಕ್ತಿಯಲ್ಲಿ ಕೂತು ನನ್ನ ವಂಶವನ್ನೆಲ್ಲ ಜಾಲಾಡಿದಿರಿ. ಬೈಗುಳಕ್ಕೆ ಯಾವ ಕಚೇರಿಯಲ್ಲೂ ಸ್ವೀಕೃತಿ ಸಂಖ್ಯೆ ಕೊಡುವುದಿಲ್ಲ. ಧಾರಾಳವಾಗಿ ಬೈಯಿರಿ.

ಕಾಗದದ ಬಗ್ಗೆ ನಿಮಗಿರುವ ವೈರಾಗ್ಯವಂತೂ ದೊಡ್ಡದು. ನಗದು ಕೊಟ್ಟರೆ ಸ್ವಲ್ಪ ಕಡಿಮೆ ಮಾಡ್ತೀನಿ ಎಂದೆ, ಎಣಿಸಿ ಕೊಟ್ಟಿರಿ. ಬಿಲ್ ಎಂದುಕೊಂಡು ಜೇಬಿಗಿಳಿಸಿದ್ದು ನನ್ನ ವಿಸಿಟಿಂಗ್ ಕಾರ್ಡು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಮೊತ್ತ, ಮುಂದಿನ ಬುಧವಾರದ ಅಪಾಯಿಂಟ್‌ಮೆಂಟು. ಎಕ್ಸ್‌ರೇ ನಮ್ಮ ಕಂಪ್ಯೂಟರಿನಲ್ಲೇ ಉಳಿಯಿತು. ಸಮ್ಮತಿ ಪತ್ರಕ್ಕೆ ಸಹಿ ಬಿದ್ದದ್ದು ಇಂಜೆಕ್ಷನ್‌ಗೆ ಕೆಳತುಟಿ ಜೋಮು ಹಿಡಿದ ಮೇಲೆ. ಅದರಲ್ಲಿ ಏನಿದೆಯೆಂದು ನೀವೂ ಓದಿಲ್ಲ, ಸತ್ಯವಾಗಿ ಹೇಳುತ್ತೇನೆ, ನಾನೂ ಓದಿಲ್ಲ.

ಈ ಸೌಹಾರ್ದ ಕೆಡಿಸಿದ್ದು ಒಬ್ಬ ನಿವೃತ್ತ ಮೇಷ್ಟರು. ಎಲ್ಲರೂ ‘ಬಲಗಡೆ ಕೆಳಗಿನ ದವಡೆ ಹಲ್ಲು’ ಎಂದು ದೂರುತ್ತಾರೆ. ‘ಯಾವುದು, ಮುಂದಿನದೋ ಹಿಂದಿನದೋ’ ಎಂದು ಕೇಳುತ್ತಲೇ ಕಾಲ ತಳ್ಳಬಹುದು. ಮೇಷ್ಟರು 46 ಎಂದು ಬರೆದು ತಂದಿದ್ದರು. ಬಾಯಲ್ಲಿರುವುದು 32 ಹಲ್ಲಾದರೂ ನಮ್ಮ ಲೆಕ್ಕದಲ್ಲಿ ರೋಗಿಯ ಬಲಗಡೆಯ ಕೆಳಭಾಗಕ್ಕೆ 4, ನಟ್ಟನಡುವಿನಿಂದ ಎಣಿಸಿದರೆ ಹಲ್ಲು 6ನೆಯದು. ಜೊತೆಗೆ ಬೇರೆ ಕ್ಲಿನಿಕ್ಕಿನ ಎಕ್ಸ್‌ರೇ. ಬೇರಿನ ತುದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ: ಮುರಿದು ಉಳಿದ ನನ್ನ ಫೈಲಿನ, ಅಂದರೆ ಬೇರಿನ ನಾಳ ಉಜ್ಜುವ ಸೂಜಿಯ, ಚೂರು. ಪಳಗಿದ ಕೈಯಲ್ಲೂ ಫೈಲು ಮುರಿಯುವುದುಂಟು. ಮುರಿದದ್ದನ್ನು ನಾನು ಹೇಳಿರಲಿಲ್ಲ, ಅಷ್ಟೇ. ಮೇಷ್ಟರು ಆ ‘ಅಷ್ಟೇ’ಯ ಕೆಳಗೇ ಕೆಂಪು ಗೆರೆ ಎಳೆದರು.

ನೀವು ಹಾಗಲ್ಲ. ಅಪರೂಪಕ್ಕೆ ಸಿಟ್ಟಿಗೆದ್ದರೂ ದುಡ್ಡು ವಾಪಸ್ ಕೊಡಿಸಿ ಎಂದು ರಾಜ್ಯ ದಂತವೈದ್ಯ ಪರಿಷತ್ತಿಗೆ ಬರೆಯುತ್ತೀರಿ. ದುರ್ನಡತೆಗಾಗಿ ಅವರು ನನ್ನ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಬಹುದು. ನಿಮಗೆ ಒಂದು ರೂಪಾಯಿ ಕೊಡಿಸಲಾರರು. ಕ್ಲಿನಿಕ್ಕಿನ ನೋಂದಣಿ, ದರಪಟ್ಟಿಯ ತಕರಾರಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರವೊಂದಿದೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯ ಕೊಡುಗೆ. ದರಪಟ್ಟಿ ನಮ್ಮಲ್ಲೂ ತೂಗುಹಾಕಿದ್ದೇವೆ, ಕ್ಯಾಲೆಂಡರಿನ ಹಿಂದೆ.

ನನ್ನ ನಿದ್ದೆ ಕೆಡಿಸುವುದು ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ತೆಗೆದುಕೊಂಡು ಮಾಡುವ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯ ಮಟ್ಟಿಗೆ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿಬಿಟ್ಟಿದೆ. ನೀವು ತೆತ್ತದ್ದು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಇಷ್ಟು ಸಲೀಸಾದ ವಿಷಯವನ್ನು ನಿಮ್ಮ ಕಿವಿಗೆ ಯಾರೂ ಹಾಕದಿರಲಿ ಎಂದು ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುತ್ತೇನೆ. ಗಡುವು ಎರಡು ವರ್ಷ. ಅದಕ್ಕೇ ನಾನು ‘ಇನ್ನೊಂದು ಆರು ತಿಂಗಳು ನೋಡೋಣ, ಸೆಟ್ ಆಗುತ್ತೆ’ ಎನ್ನುತ್ತಿರುತ್ತೇನೆ. ನನ್ನ ತಪ್ಪನ್ನು ತಪ್ಪು ಎನ್ನಲು ಬಹಳ ಸಲ ಇನ್ನೊಬ್ಬ ದಂತವೈದ್ಯನೇ ಬೇಕು. ಅವನು ನನ್ನ ಹಾಸ್ಟೆಲ್ ರೂಮ್‌ಮೇಟು. ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಬೇಕಿಲ್ಲ ಎಂದು 2010ರಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡಿಲ್ಲ.

ಹಾಂ, ಒಂದು ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಉಚಿತವಾಗಿ ಮಾಡುವ ಚಿಕಿತ್ಸೆಗೆ ಗ್ರಾಹಕ ಆಯೋಗದ ಬಾಗಿಲಿಲ್ಲ. ಹೀಗಾಗಿ ನನ್ನಂಥ ದುಬಾರಿಯವನ ಹತ್ತಿರ ಹಲ್ಲು ಕೆಡಿಸಿಕೊಂಡ ನೀವು ಎಷ್ಟು ಪುಣ್ಯವಂತರು ನೋಡಿ.

ನಿಮ್ಮ ಮೌನಕ್ಕೆ ಸದಾ ಆಭಾರಿ,
ನಿಮ್ಮ ಡಾಕ್ಟರು

ತಾ.ಕ.: ನಿಮ್ಮ ಜಿರ್ಕೋನಿಯಾ ಕ್ಯಾಪಿನ ವಾರಂಟಿ ಕಾರ್ಡು ಕಳೆದುಹೋಗಿದೆ ಎಂದು ಗಾಬರಿಯಾಗಬೇಡಿ. ನಮ್ಮ ಡ್ರಾಯರಿನಲ್ಲೇ ಭದ್ರವಾಗಿದೆ. ನಿಮಗೆ ಕೊಟ್ಟಿರಲೇ ಇಲ್ಲ.