ಭೂಮಿಗೊಂದು ಅರ್ಜಿ: ದಯಮಾಡಿ ಒಂದು ಸೆಕೆಂಡ್ ನಿಲ್ಲಿ

ಗೆ,
ಭೂಮಿಯವರು,
ಸೂರ್ಯನಿಂದ ಮೂರನೆಯ ಮನೆ,
ಸೌರಮಂಡಲ.

ವಿಷಯ: ತಾವು ರಾತ್ರಿ ವೇಳೆ ಎಡೆಬಿಡದೆ ತಿರುಗುತ್ತಿರುವುದರಿಂದ ನಮ್ಮ ಸ್ಟಾರ್ ಟ್ರೇಲ್ ಚಿತ್ರಗಳಲ್ಲಿ ಬಿರುಕು ಬೀಳುತ್ತಿರುವ ಬಗ್ಗೆ.

ಉಲ್ಲೇಖ: ಆರ್ಯಭಟ ಎಂಬುವವರು ಕ್ರಿ.ಶ. 499ರಲ್ಲಿ, ತಿರುಗುವುದು ಆಕಾಶವಲ್ಲ, ತಾವೇ ಎಂದು ಲಿಖಿತವಾಗಿ ನೀಡಿದ ಹೇಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾವು ಶನಿವಾರ ರಾತ್ರಿ ಬಂತೆಂದರೆ ಟ್ರೈಪಾಡ್, ಟಾರ್ಚ್, ಫ್ಲಾಸ್ಕಿನಲ್ಲಿ ಕಾಫಿ ಹೊತ್ತು ಊರಿನ ಬೆಳಕು ತಲುಪದ ಬೆಟ್ಟ ಹುಡುಕಿಕೊಂಡು ಹೋಗುವ ಬೆಂಗಳೂರಿನ ಕೆಲವು ಛಾಯಾಗ್ರಾಹಕರು. ಕ್ಯಾಮೆರಾವನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿ, 30 ಸೆಕೆಂಡಿಗೊಂದರಂತೆ ಎರಡು ಗಂಟೆ ಫೋಟೊ ತೆಗೆದು, ಮರುದಿನ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ನಕ್ಷತ್ರಗಳು ಎಳೆದ ಅಖಂಡ ಗೆರೆಗಳು ಸಿಗಬೇಕು. ಸಿಗುತ್ತಿರುವುದು ಹೆದ್ದಾರಿ ಮಧ್ಯದ ಬಿಳಿ ಪಟ್ಟಿ! ಒಂದು ತುಂಡು ಬೆಳಕು, ಒಂದು ತುಂಡು ಕತ್ತಲೆ, ಮತ್ತೆ ಬೆಳಕು, ಮತ್ತೆ ಕತ್ತಲೆ.

ಇದಕ್ಕೆ ಯಾರು ಹೊಣೆ ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೂಲಂಕಷವಾಗಿ ಚರ್ಚಿಸಲಾಯಿತು. ಕ್ಯಾಮೆರಾ ತಪ್ಪು ಮಾಡುವುದಿಲ್ಲ, ಅದಕ್ಕೆ ಸುರಿದ ದುಡ್ಡು ಅಷ್ಟಿದೆ. ನಾವು ತಪ್ಪು ಮಾಡುವುದಿಲ್ಲ, ದುಡ್ಡು ಸುರಿದವರು ನಾವೇ. ಉಳಿದವರು ತಾವೊಬ್ಬರೇ.

ಒಂದು ಫೋಟೊ ಮುಗಿದು ಇನ್ನೊಂದು ಶುರುವಾಗುವ ನಡುವೆ ಕ್ಯಾಮೆರಾಗೆ ಸ್ವಲ್ಪ ಬಿಡುವು ಬೇಕು. ತಮಗೆ ಮಾತ್ರ ಬಿಡುವೆಂಬುದೇ ಇಲ್ಲ. ಗಂಟೆಗೆ 15 ಡಿಗ್ರಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ, ಹಗಲೂ ಇರುಳೂ ಒಂದೇ ಸಮ. ಆದ್ದರಿಂದ ನಮ್ಮ ಮೊದಲನೇ ಬೇಡಿಕೆ: ಪ್ರತಿ ಫೋಟೊ ಮುಗಿದಾಗ ತಾವು ಒಂದೇ ಒಂದು ಸೆಕೆಂಡ್ ನಿಲ್ಲಬೇಕು.

ಇದು ಅತಿಯಾಯಿತು ಎನ್ನಬೇಡಿ, ಕೊಡು-ಕೊಳ್ಳುವುದು ಮೊದಲಿನಿಂದಲೂ ಇದೆ. ತಮ್ಮ ಗತಿ ಗಡಿಯಾರಕ್ಕೆ ಹೊಂದುತ್ತಿಲ್ಲವೆಂದು 1972ರಿಂದೀಚೆಗೆ ನಾವು 27 ಬಾರಿ ಜಗತ್ತಿನ ಗಡಿಯಾರಗಳಿಗೆ ಒಂದೊಂದು ಸೆಕೆಂಡ್ ಸೇರಿಸಿದ್ದೇವೆ. ಕೊನೆಯದನ್ನು ಸೇರಿಸಿದ್ದು 2016ರ ಡಿಸೆಂಬರ್ 31ರಂದು. ಆ ಲೆಕ್ಕದಲ್ಲಿ ತಮ್ಮಿಂದ 27 ಸೆಕೆಂಡ್ ಬರಬೇಕಾದದ್ದು ಬಾಕಿಯಿದೆ. ಎರಡು ಗಂಟೆಯ ಒಂದು ಚಿತ್ರಕ್ಕೆ ಇನ್ನೂರಕ್ಕೂ ಹೆಚ್ಚು ಸೆಕೆಂಡ್ ಬೇಕು, ನಿಜ. ಮಿಕ್ಕಿದ್ದನ್ನು ಸಾಲವೆಂದು ಬರೆದುಕೊಳ್ಳಿ.

ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಈ ಬೇಡಿಕೆಗೆ ಆಕ್ಷೇಪ ಎತ್ತಿದರು. ಭೂಮಿ ತಟ್ಟನೆ ನಿಂತರೆ ಕರ್ನಾಟಕದಲ್ಲಿರುವ ಸಮಸ್ತವೂ ಗಂಟೆಗೆ 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹಾರಿಹೋಗುತ್ತದಂತೆ. ಇದನ್ನು ಗಂಭೀರವಾಗಿ ಪರಿಗಣಿಸಿ, ಟ್ರೈಪಾಡಿನ ನಡುಗಂಬಕ್ಕೆ ಭಾರದ ಬ್ಯಾಗು ನೇತುಹಾಕಲು ಸರ್ವಾನುಮತದಿಂದ ತೀರ್ಮಾನಿಸಿದ್ದೇವೆ.

ಎಲ್ಲವೂ ಸರ್ವಾನುಮತದಿಂದ ನಡೆಯಿತೆಂದರೆ ಸುಳ್ಳಾದೀತು. ನಮ್ಮ ಗುಂಪಿನಲ್ಲಿ ಒಬ್ಬ ಎಂಜಿನಿಯರ್ ಮೇಡಂ ಇದ್ದಾರೆ (ಬೆಂಗಳೂರಿನ ಗುಂಪು, ಇಲ್ಲದಿರುವುದುಂಟೆ?). ಅವರು ಕ್ಯಾಮೆರಾದ ಜೊತೆ ಬರುವ ಪುಸ್ತಕವನ್ನು ಓದಿದ್ದಾರೆ. ಇಂಥ ನಡವಳಿಕೆಗೆ ನಮ್ಮ ಬೈಲಾದಲ್ಲಿ ಯಾವ ಶಿಕ್ಷೆಯೂ ಇಲ್ಲದಿರುವುದರಿಂದ ಅವರ ಭಿನ್ನಮತದ ಟಿಪ್ಪಣಿಯನ್ನೂ ಇಲ್ಲಿ ದಾಖಲಿಸುತ್ತಿದ್ದೇವೆ. ದಾಖಲಿಸಿದ ಮಾತ್ರಕ್ಕೆ ಒಪ್ಪಿದ್ದೇವೆ ಎಂದು ತಾವು ಭಾವಿಸತಕ್ಕದ್ದಲ್ಲ.

ಮೇಡಂ ವಾದ ಹೀಗಿದೆ. ಕ್ಯಾಮೆರಾ 30 ಸೆಕೆಂಡ್ ಎಂದು ತೋರಿಸುವುದು ಬಹುತೇಕ ನಿಜವಾಗಿ 32 ಸೆಕೆಂಡ್. ಶಟರಿನ ಅವಧಿ ಇಮ್ಮಡಿಯಾಗುತ್ತಾ ಹೋಗುತ್ತದೆ: 1, 2, 4, 8, 16, 32. ಓದಲು ಚೆಂದವಿರಲೆಂದು 16ನ್ನು 15 ಎಂದೂ 32ನ್ನು 30 ಎಂದೂ ಬರೆದಿರುತ್ತಾರೆ. ಇನ್ನು ಬಹಳಷ್ಟು ಕ್ಯಾಮೆರಾಗಳ ಮೆನುವಿನಲ್ಲಿ ಇಂಟರ್ವಲ್ ಎಂದರೆ ಒಂದು ಫೋಟೊದ ಆರಂಭದಿಂದ ಮುಂದಿನ ಫೋಟೊದ ಆರಂಭದವರೆಗಿನ ಕಾಲವೇ ಹೊರತು ಎರಡರ ನಡುವಿನ ಬಿಡುವಲ್ಲ. ನಮ್ಮಲ್ಲಿ ಪರಂಪರಾಗತವಾಗಿ, ಮೂವತ್ತಕ್ಕೆ ಒಂದು ಸೇರಿಸಿ ಇಂಟರ್ವಲ್ 31 ಇಡುತ್ತಾರೆ. 31ನೇ ಸೆಕೆಂಡಿಗೆ ಮುಂದಿನ ಫೋಟೊ ತೆಗೆ ಎಂಬ ಆಜ್ಞೆ ಹೊರಡುತ್ತದೆ. ಆಗ ಶಟರ್ ಇನ್ನೂ ತೆರೆದೇ ಇರುತ್ತದೆ, ಕ್ಯಾಮೆರಾ ಕೇಳಿಸಿಕೊಳ್ಳುವುದಿಲ್ಲ. ಶಟರ್ ಮುಚ್ಚುವುದು 32ಕ್ಕೆ. ಮುಂದಿನ ಆಜ್ಞೆ ಬರುವುದು 62ಕ್ಕೆ. ನಡುವಿನ 30 ಸೆಕೆಂಡ್ ಕ್ಯಾಮೆರಾ ಸುಮ್ಮನೆ ನಿಂತಿರುತ್ತದೆ. ಬೆಳಗಿನ ಹೊತ್ತಿಗೆ ಕಾರ್ಡಿನಲ್ಲಿ ಇರಬೇಕಾದ ಫೋಟೊಗಳಲ್ಲಿ ಅರ್ಧದಷ್ಟೇ ಇರುತ್ತವೆ. ಆ 30 ಸೆಕೆಂಡಿನಲ್ಲಿ ಖಗೋಳ ಸಮಭಾಜಕದ ಬಳಿಯ ನಕ್ಷತ್ರವೊಂದು ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗದಷ್ಟು ಜರುಗಿರುತ್ತದೆ. ಅದೇ ಬಿರುಕು. ಇಂಟರ್ವಲ್ 33 ಇಡಿ, ಕಾರ್ಡು ನಿಧಾನದ್ದಾದರೆ 34 ಇಡಿ, ಮುಗಿಯಿತು ಎನ್ನುತ್ತಾರೆ ಅವರು.

ಈ ವಿಷಯದಲ್ಲಿ ಬಾಗಿಲು ಬಡಿಯಬೇಕಾದದ್ದು ಕ್ಯಾಮೆರಾ ಕಂಪನಿಗಳದ್ದು ಎಂಬುದು ನಮಗೂ ಗೊತ್ತು. 32ನ್ನು 30 ಎಂದು ಬರೆಯುವವರು ತರಕಾರಿ ಅಂಗಡಿ ಇಟ್ಟಿದ್ದರೆ ಗಿರಾಕಿಗಳು ದೇವರೆಂದು ಪೂಜಿಸುತ್ತಿದ್ದರು. ಇದರ ಮೇಲೆ ತಂತಿಯ ರಿಮೋಟ್ ಮಾರುವವರ ಕಥೆಯೇ ಬೇರೆ. ಕೆಲವು ರಿಮೋಟುಗಳಲ್ಲಿ ಇಂಟರ್ವಲ್ ಎಂದರೆ ಆರಂಭದಿಂದ ಆರಂಭಕ್ಕೆ, ಇನ್ನು ಕೆಲವುಗಳಲ್ಲಿ ಮುಗಿದಲ್ಲಿಂದ ಆರಂಭಕ್ಕೆ. ಎರಡನೇ ಜಾತಿಯದರಲ್ಲಿ 33 ಇಟ್ಟವರು ಪ್ರತಿ ಫೋಟೊದ ನಂತರ 33 ಸೆಕೆಂಡ್ ಖಾಲಿ ಕತ್ತಲೆಯನ್ನು ಸಂಪಾದಿಸುತ್ತಾರೆ. ಅದಕ್ಕೆ ಅಲ್ಲಿ ಒಂದೇ ಸೆಕೆಂಡ್ ಇಡಬೇಕು. ಯಾವುದು ಯಾವ ಜಾತಿ ಎಂದು ತಿಳಿಯಲು ಹಗಲು ಹೊತ್ತಿನಲ್ಲಿ ಮನೆಯ ಮೇಜಿನ ಮೇಲೆ, ಲೆನ್ಸಿಗೆ ಮುಚ್ಚಳ ಹಾಕಿ ಐದು ನಿಮಿಷ ಓಡಿಸಿ, ಶಟರಿನ ಸದ್ದು ಎಣಿಸಿದರೆ ಸಾಕಂತೆ. ಆದರೆ ಕಂಪನಿಗಳಿಗೆ ಪತ್ರ ಬರೆದರೆ ಹೊಸ ಮಾಡೆಲ್ ಕೊಳ್ಳಿ ಎಂದು ಉತ್ತರ ಬರುತ್ತದೆ. ತಾವು ಹೊಸ ಮಾಡೆಲ್ ಬಿಡುವುದಿಲ್ಲವಾದ್ದರಿಂದ ತಮಗೇ ಬರೆಯುತ್ತಿದ್ದೇವೆ.

ಮೇಡಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಫೋಟೊ ಫೈಲುಗಳಲ್ಲಿ ದಾಖಲಾದ ಸಮಯ ನೋಡಿದರೆ ಅಪರಾಧಿ ಯಾರೆಂದು ಗೊತ್ತಾಗುತ್ತದೆ ಎಂದರು. ಎರಡು ಫೋಟೊಗಳ ನಡುವೆ 62 ಸೆಕೆಂಡಿದ್ದರೆ ತಪ್ಪಿಹೋದ ಆಜ್ಞೆ. 64 ಅಥವಾ ಅದಕ್ಕೂ ಹೆಚ್ಚಿದ್ದರೆ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಚಾಲೂ ಇದೆ ಎಂದರ್ಥ. ಈ ಸೌಲಭ್ಯ ಪ್ರತಿ ಫೋಟೊದ ಬೆನ್ನಿಗೆ ಅಷ್ಟೇ ಹೊತ್ತು ಶಟರ್ ಮುಚ್ಚಿಕೊಂಡು ಬರೀ ಕತ್ತಲೆಯ ಇನ್ನೊಂದು ಫೋಟೊ ತೆಗೆದು, ಮೊದಲಿನದರಿಂದ ಅದನ್ನು ಕಳೆದು, ಚುಕ್ಕೆ ಕಲೆಗಳನ್ನು ಒರೆಸುತ್ತದೆ. ಒಂದೇ ಫೋಟೊ ತೆಗೆಯುವವರಿಗೆ ವರ. ಸ್ಟಾರ್ ಟ್ರೇಲಿನವರು ಮೊದಲು ಆರಿಸಬೇಕಾದ ಸ್ವಿಚ್ಚು. ಆಮೇಲೆ ಫೋಕಸ್ಸು: ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಕತ್ತಲೆಯಲ್ಲಿ ತಡಕಾಡಿ, ಏನೂ ಸಿಗದೆ, ಫೋಟೊ ತೆಗೆಯಲು ಒಪ್ಪುವುದೇ ಇಲ್ಲ. ಇಂಟರ್ವಲ್ಲಿನ ಗೊಡವೆಯೇ ಬೇಡ ಎನ್ನುವವರಿಗೂ ದಾರಿಯಿದೆ. ಶಟರ್ 30ಕ್ಕೆ ಇಟ್ಟು, ಸಾಲಾಗಿ ಫೋಟೊ ತೆಗೆಯುವ ಬರ್ಸ್ಟ್ ಮೋಡಿಗೆ ಹಾಕಿ, ರಿಮೋಟಿನ ಗುಂಡಿಯನ್ನು ಒತ್ತಿ ಲಾಕ್ ಮಾಡಿಬಿಡುವುದು. ಒಂದು ಮುಗಿದ ತಕ್ಷಣ ಇನ್ನೊಂದು ತಾನಾಗಿ ಶುರುವಾಗುತ್ತದೆ. ನನ್ನ ವೈಯಕ್ತಿಕ ಮತ ಕೇಳಿದರೆ ಇದೇ ಸರಿ. ಆದರೆ ಇದು ಗುಂಪಿನ ಪತ್ರ, ವೈಯಕ್ತಿಕ ಮತಕ್ಕೆ ಇಲ್ಲಿ ಜಾಗವಿಲ್ಲ.

ಅಗಲ ಲೆನ್ಸಿನಲ್ಲಿ ಒಂದು ಸೆಕೆಂಡಿನ ಬಿಡುವಿಗೆ ನಕ್ಷತ್ರ ಒಂದು ಪಿಕ್ಸೆಲ್ಲಿನಷ್ಟೂ ಸರಿಯುವುದಿಲ್ಲ, ಆದ್ದರಿಂದ ಭೂಮಿ ನಿಲ್ಲಬೇಕಾದ ಅಗತ್ಯವೇ ಇಲ್ಲ ಎಂಬ ಸಾಲೊಂದು ಟಿಪ್ಪಣಿಯ ಕೊನೆಯಲ್ಲಿತ್ತು. ಅದನ್ನು ಕಡತದಿಂದ ತೆಗೆಯಲು ಆದೇಶಿಸಲಾಗಿದೆ. ಸ್ಟಾರ್‌ಸ್ಟ್ಯಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಬಿರುಕು ಮುಚ್ಚುವ ಸೌಲಭ್ಯವಿದೆ ಎಂಬ ಸಲಹೆಯೂ ಬಂತು. ಸಣ್ಣ ಬಿರುಕಿಗೆ ಆದೀತು. ಅರ್ಧ ರಾತ್ರಿಯೇ ಕಾಣೆಯಾದಲ್ಲಿ ಅದೂ ಏನು ಮಾಡೀತು?

ಎರಡನೇ ಬೇಡಿಕೆ ಧ್ರುವ ನಕ್ಷತ್ರಕ್ಕೆ ಸಂಬಂಧಿಸಿದ್ದು. ಇನ್‌ಸ್ಟಾಗ್ರಾಮಿನಲ್ಲಿ ಬರುವ ಯೂರೋಪಿನ ಚಿತ್ರಗಳಲ್ಲಿ ಧ್ರುವ ಆಕಾಶದ ನಡುವೆ ಕುಳಿತು ಸುತ್ತಲೂ ಪೂರ್ಣ ವೃತ್ತಗಳು ಹರಡಿರುತ್ತವೆ. ಊರಿನ ಅಕ್ಷಾಂಶ ಎಷ್ಟೋ ಧ್ರುವ ದಿಗಂತದಿಂದ ಅಷ್ಟೇ ಎತ್ತರ ಎಂಬ ತಮ್ಮ ನಿಯಮದ ಪ್ರಕಾರ ಬೆಂಗಳೂರಿಗೆ ಮಂಜೂರಾಗಿರುವುದು 13 ಡಿಗ್ರಿ. ಸಪ್ತರ್ಷಿಗಳು ಕೂಡ ನಮ್ಮಲ್ಲಿ ಮುಳುಗಿಹೋಗುತ್ತಾರೆ. ಬೀದರಿಗೆ ಹೋದರೆ ಸುಮಾರು 18, ಲಡಾಖಿನ ಹಾನ್ಲೆಗೆ ಹೋದರೆ 33ರ ಹತ್ತಿರ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ತಮ್ಮ ದೂರದರ್ಶಕವನ್ನು ಹಾನ್ಲೆಗೆ ಒಯ್ದು ಇಟ್ಟಿದ್ದಾರೆ. ಕಾರಣ ಅಲ್ಲಿನ ಎತ್ತರ ಮತ್ತು ಒಣಗಾಳಿ ಎನ್ನುತ್ತಾರೆ, ನಮಗೆ ಅನುಮಾನವಿದೆ. ಕನಕಪುರದ ಕಡೆ ಹೋಗಿ ಉತ್ತರಕ್ಕೆ ಕ್ಯಾಮೆರಾ ಹಿಡಿಯುವವರ ಪಾಡಂತೂ ಹೇಳತೀರದು. ಧ್ರುವ ಇರಬೇಕಾದ ಜಾಗದಲ್ಲಿ ಬೆಂಗಳೂರು ಬೆಳಗುತ್ತಿರುತ್ತದೆ. ಆದ ಕಾರಣ ತಾವು ಕೊಂಚ ವಾಲಿ, ವಾರಾಂತ್ಯದ ಮಟ್ಟಿಗಾದರೂ ಧ್ರುವವನ್ನು 45 ಡಿಗ್ರಿಗೆ ಎತ್ತಿಕೊಡಬೇಕು. ಹಾಗೆ ಎತ್ತುವಾಗ ಅದನ್ನು ಸರಿಯಾಗಿ ಅಕ್ಷದ ಮೇಲೆ ಕೂರಿಸಿ. ಈಗ ಅದು ಮುಕ್ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ಪಕ್ಕಕ್ಕೆ ಸರಿದಿರುವುದರಿಂದ ಧ್ರುವವೂ ಒಂದು ಪುಟ್ಟ ಕಮಾನು ಎಳೆಯುತ್ತದೆ. ಅಚಲಪದವಿ ಎಂದು ಅಜ್ಜಿ ಹೇಳಿದ ಕಥೆಯನ್ನು ನಂಬಿ ಬೆಟ್ಟ ಹತ್ತಿದವರಿಗೆ ಇದು ತುಂಬಾ ನೋವು ತಂದಿದೆ.

ಧ್ರುವದ ಬಳಿಯ ಗೆರೆಗಳಲ್ಲಿ ಬಿರುಕು ಅಷ್ಟಾಗಿ ಕಾಣದು, ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಎದ್ದು ಕಾಣುತ್ತದೆ. ಈ ತಾರತಮ್ಯವನ್ನೂ ಖಂಡಿಸುತ್ತೇವೆ.

ತಮ್ಮ ಉತ್ತರ ಬರುವವರೆಗೆ ತಾತ್ಕಾಲಿಕ ವ್ಯವಸ್ಥೆಯಾಗಿ, ಯಾವುದೇ ಪೂರ್ವಾಗ್ರಹವಿಲ್ಲದೆ, ಇಂಟರ್ವಲ್ 33 ಇಡಲು ಸದಸ್ಯರಿಗೆ ಸೂಚಿಸಿದ್ದೇವೆ. ಇದನ್ನು ನಮ್ಮ ದೌರ್ಬಲ್ಯವೆಂದು ತಿಳಿಯಬಾರದು.

ಇಂತಿ ತಮ್ಮ ವಿಶ್ವಾಸಿಗಳು,
ನಿದ್ದೆಗೆಟ್ಟವರ ಪರವಾಗಿ.

ಪ್ರತಿಗಳು:
1. ಚಂದ್ರ: ಅಮಾವಾಸ್ಯೆಗೆ ರಜೆ ತೆಗೆದುಕೊಳ್ಳುತ್ತಿರುವುದಕ್ಕೆ ಕೃತಜ್ಞತೆಗಳೊಂದಿಗೆ. ಅದು ಶನಿವಾರವೇ ಬೀಳುವಂತೆ ನೋಡಿಕೊಳ್ಳುವುದು.
2. ಇಬ್ಬನಿ: ನಡುರಾತ್ರಿಯ ನಂತರ ಲೆನ್ಸಿನ ಮೇಲೆ ಕೂರುವ ಅಭ್ಯಾಸ ಬಿಡದಿದ್ದರೆ ಯುಎಸ್‌ಬಿ ಹೀಟರ್ ಪಟ್ಟಿ ಸುತ್ತಲಾಗುವುದು.
3. ಎಂಜಿನಿಯರ್ ಮೇಡಂ: ಮಾಹಿತಿಗಾಗಿ, ಮತ್ತು ಆ ಪುಸ್ತಕದ ಪಿಡಿಎಫ್ ಗುಂಪಿಗೆ ಕಳಿಸುವಂತೆ ಕೋರಿ.