ಅಗ್ಗದ ಡಿವಿಡಿ ಪ್ಲೇಯರಿನ ಯಜಮಾನರು

ಅಗ್ಗದ ಡಿವಿಡಿ ಪ್ಲೇಯರಿನ ಯಜಮಾನರು ಈ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ ಕರ್ನಾಟಕದ ಮಧ್ಯಮವರ್ಗದ ಮನೆಗಳಲ್ಲಿ ಹೇರಳವಾಗಿ ಕಾಣಸಿಗುತ್ತಿದ್ದ ಗೃಹಸ್ಥರು. ವಯಸ್ಸು ನಲವತ್ತರಿಂದ ಅರವತ್ತು. ಉದ್ಯೋಗ ಬ್ಯಾಂಕಿನಲ್ಲೋ ಹೈಸ್ಕೂಲಿನಲ್ಲೋ ತಾಲ್ಲೂಕು ಕಚೇರಿಯಲ್ಲೋ. ಮನೆಯಲ್ಲಿ ಟಿ.ವಿ.ಗೆ ಅತಿ ಸಮೀಪದ ಕುರ್ಚಿ ಅವರದು. ಅಂಗಿಯ ಜೇಬಿನಲ್ಲಿ ಟೆಸ್ಟರು, ಕೈಯಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದ ರಿಮೋಟು. ಪ್ಲೇಯರು ಕೊಂಡವರೆಲ್ಲ ಈ ವರ್ಗಕ್ಕೆ ಸೇರುವುದಿಲ್ಲ. ಕೊಂಡು, ನೋಡಿ, ಕೆಟ್ಟಾಗ ಗುಜರಿಗೆ ಹಾಕಿದವರು ಬರೀ ಗಿರಾಕಿಗಳು. ತಾವು ಕೊಂಡದ್ದು ಸರಿಯೆಂದು ಸಾಬೀತು ಮಾಡುವುದಕ್ಕೇ ಉಳಿದ ಆಯುಷ್ಯವನ್ನು ಮುಡಿಪಿಟ್ಟವರು ಮಾತ್ರ ಯಜಮಾನರು.

ಈ ವರ್ಗ ಹುಟ್ಟಿಕೊಂಡದ್ದಕ್ಕೆ ಆರ್ಥಿಕ ಕಾರಣಗಳಿವೆ. ಡಿವಿಡಿ 1996ರ ನವೆಂಬರಿನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ನಮ್ಮಲ್ಲಿ ಡಿವಿಡಿಗಿಂತ ಮೊದಲು ವಿಸಿಡಿಯ ಆಳ್ವಿಕೆ. ಒಂದು ವಿಸಿಡಿಯಲ್ಲಿ ಹಿಡಿಸುವುದು 74ರಿಂದ 80 ನಿಮಿಷ. ಹೀಗಾಗಿ ಕನ್ನಡ ಸಿನಿಮಾ ಒಂದಕ್ಕೆ ಎರಡು ಡಿಸ್ಕು. ನಾಯಕ ಮಚ್ಚೆತ್ತಿದ ಕ್ಷಣದಲ್ಲಿ ಮೊದಲನೆಯದು ಮುಗಿದು, ಎರಡನೆಯದು ಸಿಗುವವರೆಗೆ ಖಳನಾಯಕನಿಗೆ ಜೀವದಾನ. 4.7 ಜಿಬಿಯ ಡಿವಿಡಿಯಲ್ಲಾದರೋ ಇಡೀ ಸಿನಿಮಾ ಒಂದೇ ಡಿಸ್ಕಿನಲ್ಲಿ ಅಡಗಿತು. ಮೊದಮೊದಲು ಪ್ಲೇಯರಿನ ಬೆಲೆ ಸಂಬಳದಾರರಿಗೆ ಎಟಕುತ್ತಿರಲಿಲ್ಲ. ತೈವಾನಿನ ಮೀಡಿಯಾಟೆಕ್‌ನಂಥ ಕಂಪನಿಗಳು ಪ್ಲೇಯರಿನ ಮುಖ್ಯ ಕೆಲಸವನ್ನೆಲ್ಲ ಒಂದೇ ಚಿಪ್ಪಿಗೆ ಇಳಿಸಿ, ಚೀನಾದ ಕಾರ್ಖಾನೆಗಳು ಅದರ ಸುತ್ತ ಡಬ್ಬ ಕಟ್ಟತೊಡಗಿದ ಮೇಲೆ ಬೆಲೆ ಕುಸಿಯಿತು. ದಶಕದ ನಡುವಿಗೆ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಪ್ಲೇಯರು ಸಿಗತೊಡಗಿತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ಹೊರಟಾಗ ಯಜಮಾನರ ಲೆಕ್ಕಾಚಾರ ಸಂಪೂರ್ಣವಾಯಿತು. ಐದು ಜನರ ಸಂಸಾರ ಥಿಯೇಟರಿಗೆ ಹೋದರೆ ಟಿಕೆಟ್ಟು, ಆಟೋ, ಇಂಟರ್ವಲ್ಲಿನ ಕಡಲೆಕಾಯಿ, ಬರುವಾಗ ಮಸಾಲೆದೋಸೆ. ಎಲ್ಲ ಕೂಡಿಸಿದರೆ ಪ್ಲೇಯರಿನ ದುಡ್ಡು ಆರು ತಿಂಗಳಲ್ಲಿ ವಾಪಸು. ಈ ಲೆಕ್ಕವನ್ನು ಮದುವೆ ಆಮಂತ್ರಣದ ಹಿಂಬದಿಯಲ್ಲಿ ಬರೆದು, ತಿಂಗಳುಗಟ್ಟಲೆ ಜೋಪಾನ ಮಾಡಿದ ನಂತರವೇ ಖರೀದಿ.

ಖರೀದಿಯ ಸ್ಥಳ ಬೆಂಗಳೂರಾದರೆ ಎಸ್.ಪಿ. ರೋಡು ಅಥವಾ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟು. ಹೊರಊರಿನವರು ಬೆಂಗಳೂರಿಗೆ ಬಂದ ನೆಂಟರ ಮೂಲಕ ತರಿಸುವುದೂ ಉಂಟು. ಹೆಸರಾಂತ ಕಂಪನಿಯ ಪ್ಲೇಯರನ್ನು ಯಜಮಾನರು ಮುಟ್ಟಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ನಗುತ್ತಾರೆ. ಆಮೇಲೆ ಆ ಹೆಸರಿನಿಂದ ಒಂದಕ್ಷರ ಕಳೆದಿರುವ ಅಥವಾ ಒಂದಕ್ಷರ ಹೆಚ್ಚಿರುವ ಪ್ಲೇಯರಿನತ್ತ ತಿರುಗುತ್ತಾರೆ. ಆಗ ಅಂಗಡಿಯವನು ಉಚ್ಚರಿಸುವ ಮಂತ್ರ ಒಂದಿದೆ: "ಒಳಗಿರೋ ಚಿಪ್ಪು ಎಲ್ಲದ್ರಲ್ಲೂ ಒಂದೇ ಸಾರ್, ಡಬ್ಬ ಬೇರೆ ಅಷ್ಟೆ." ಈ ಮಾತು ಅರ್ಧ ನಿಜ. ಚಿಪ್ಪು ಒಂದೇ ಇರಬಹುದು. ಆದರೆ ಡಿಸ್ಕನ್ನು ಓದುವ ಲೇಸರು, ಟ್ರೇಯ ಮೋಟರು, ಪವರ್ ಸಪ್ಲೈಯ ಕೆಪಾಸಿಟರುಗಳು ಒಂದೇ ಅಲ್ಲ. ಕೆಡುವುದು ಚಿಪ್ಪಲ್ಲ, ಇವು. ಮುಂದಿನ ಪ್ರಶ್ನೆ, ಬಿಲ್ಲು ಬೇಕೇ ಬೇಡವೇ ಎಂಬುದು. ಬಿಲ್ಲು ಹಾಕಿದರೆ ತೆರಿಗೆ ಸೇರುತ್ತದೆಂದು ತಿಳಿದ ಯಜಮಾನರು ಬೇಡವೆನ್ನುತ್ತಾರೆ. ಬಿಲ್ಲಿಲ್ಲದ ವಾರಂಟಿ ಕಾರ್ಡನ್ನು ಮನೆಗೆ ತಂದು, ಎಲ್‌ಐಸಿ ಬಾಂಡಿನ ಪಕ್ಕದಲ್ಲಿ ಬೀರುವಿನೊಳಗೆ ಇಡುತ್ತಾರೆ.

ಜೋಡಣೆ ಭಾನುವಾರ, ರಾಹುಕಾಲ ಬಿಟ್ಟು. ಡಬ್ಬ ದೊಡ್ಡದು, ತೂಕ ಕಡಿಮೆ. ಒಳಗಿರುವುದು ಟ್ರೇ, ಅಂಗೈಯಗಲದ ಎರಡು ಬೋರ್ಡು, ಉಳಿದದ್ದು ಗಾಳಿ. ಬೆನ್ನಿನ ಮೇಲೆ ಹನ್ನೆರಡು ತೂತುಗಳಿದ್ದರೂ ಮನೆಯ ಟಿ.ವಿ.ಗೆ ಇರುವುದು ಒಂದು ಹಳದಿ, ಒಂದು ಬಿಳಿ. ಮಿಕ್ಕ ತೂತುಗಳು ಮುಂದಿನ ತಲೆಮಾರಿಗೆ. ಕೈಪಿಡಿಯ ಇಂಗ್ಲಿಷ್ ಚೀನಾದಿಂದ ನೇರವಾಗಿ ಬಂದದ್ದು. ಅದನ್ನು ಕಾಲೇಜಿಗೆ ಹೋಗುವ ಮಗ ಓದಬೇಕೆಂದರೆ ಯಜಮಾನರು ಬಿಡುವುದಿಲ್ಲ, ತಾವಂತೂ ಓದುವುದಿಲ್ಲ.

ಇದರಿಂದ ಮೂರು ಪ್ರಸಿದ್ಧ ಅನುಭವಗಳು ಉಂಟಾಗುತ್ತವೆ. ಸೆಟಪ್ಪಿನಲ್ಲಿ ವಿಡಿಯೊ ಔಟ್‌ಪುಟ್ಟನ್ನು ಕಾಂಪೊನೆಂಟಿಗೆ ಬದಲಿಸಿ ಹಳದಿ ವೈರನ್ನೇ ಉಳಿಸಿಕೊಂಡರೆ ಚಿತ್ರ ಕಪ್ಪುಬಿಳುಪಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. "ಹಳೇ ಪಿಕ್ಚರ್ ಇರಬೇಕು" ಎಂದು ಯಜಮಾನರು ಸಮಾಧಾನ ಹೇಳುತ್ತಾರೆ. ಸಿನಿಮಾ ಹಿಂದಿನ ವರ್ಷ ಬಿಡುಗಡೆಯಾದದ್ದು. ಧ್ವನಿಯನ್ನು 5.1ಕ್ಕೆ ಇಟ್ಟರೆ ಸಂಭಾಷಣೆ ನಡುವಿನ ಸ್ಪೀಕರಿಗೆ ಹೋಗುತ್ತದೆ. ಮನೆಯಲ್ಲಿ ಆ ಸ್ಪೀಕರೇ ಇಲ್ಲದ್ದರಿಂದ ಹಿನ್ನೆಲೆ ಸಂಗೀತ ಬೀದಿಗೆಲ್ಲ ಕೇಳಿಸಿ, ನಾಯಕ ನಾಯಕಿಯರು ಬಾಯಿ ಮಾತ್ರ ಆಡಿಸುತ್ತಾರೆ. ಚಿತ್ರದ ಆಕಾರವನ್ನು 16:9ಕ್ಕೆ ಇಟ್ಟು ಚೌಕ ಟಿ.ವಿ.ಯಲ್ಲಿ ನೋಡಿದರೆ ಎಲ್ಲರೂ ನೀಳವಾಗಿ ಸಣಕಲಾಗಿ ಕಾಣುತ್ತಾರೆ. ನಾಯಕಿ ಊಟ ಬಿಟ್ಟಿರಬೇಕೆಂದು ಮನೆಯ ಅಜ್ಜಿ ಮರುಗುತ್ತಾರೆ. ಸರಿಪಡಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಇಪ್ಪತ್ತೊಂದು ಇಂಚಿಗೆ ದುಡ್ಡು ಕೊಟ್ಟು ಹದಿನಾಲ್ಕು ಇಂಚು ನೋಡುವುದನ್ನು ಯಜಮಾನರು ಒಪ್ಪುವುದಿಲ್ಲ. ಆದ್ದರಿಂದ ಆ ಮನೆಯಲ್ಲಿ ಎಲ್ಲ ತಾರೆಯರೂ ಕೊನೆಯವರೆಗೆ ಸಣಕಲಾಗಿಯೇ ಉಳಿಯುತ್ತಾರೆ.

ಪ್ಲೇಯರು ನಿಂತಾಗ ಅಪರಾಧಿಯನ್ನು ಹುಡುಕುವ ಕ್ರಮ ಎಲ್ಲ ಮನೆಗಳಲ್ಲೂ ಒಂದೇ. ಮೊದಲ ಆರೋಪಿ ಲೈಬ್ರರಿಯಿಂದ ಬಾಡಿಗೆಗೆ ತಂದ ಡಿಸ್ಕು: "ಲೈಬ್ರರಿಯವನು ಗೀಚಿದ್ದು ಕೊಟ್ಟಿದಾನೆ." ಎರಡನೆಯದು ಕರೆಂಟು: "ವೋಲ್ಟೇಜೇ ಇಲ್ಲ." ಇದು ದುರ್ಬಲ ವಾದ, 100ರಿಂದ 240 ವೋಲ್ಟಿನವರೆಗೆ ನಡೆಯುವುದಾಗಿ ಇಂಥ ಅನೇಕ ಪ್ಲೇಯರುಗಳ ಬೆನ್ನಿನ ಮೇಲೇ ಅಚ್ಚಾಗಿರುತ್ತದೆ. ಮೂರನೆಯದು ಟಿ.ವಿ., ನಾಲ್ಕನೆಯದು ವೈರು. ಐದನೆಯವರು ಮಕ್ಕಳು: "ಯಾರೋ ಏನೋ ಒತ್ತಿದೀರ." ಆರನೆಯವರು, ಬೆಳಿಗ್ಗೆ ಅಲ್ಲಿ ಧೂಳು ಒರೆಸಿದವರು. "ರೀ, ನಾನು ಬಟ್ಟೆ ತಾಗಿಸಿದ್ದಕ್ಕೆ ಕೆಡೋದಾದ್ರೆ ಅದನ್ಯಾಕೆ ತಂದ್ರಿ?" ಎಂಬ ಪ್ರತಿವಾದ ಅಡುಗೆಮನೆಯಿಂದ ಬಂದೊಡನೆ ವಿಚಾರಣೆ ಮುಂದಕ್ಕೆ ಹೋಗುತ್ತದೆ. ಪ್ಲೇಯರು ಈ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ. ಅದರದೇ ತಪ್ಪೆಂದು ಒಪ್ಪಿಬಿಟ್ಟರೆ, ಅದನ್ನು ಆರಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ.

ಮೊದಲ ಆರೋಪಿಗೆ ಶಿಕ್ಷೆಯೂ ತಕ್ಷಣವೇ. ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೆಂಬುದು ನಿಯಮ. ದತ್ತಾಂಶ ಸುರುಳಿಯಾಗಿ ಇರುವುದರಿಂದ ಸುತ್ತ ಒರೆಸಿ ಬಿದ್ದ ಗೀರು ಒಂದೇ ಜಾಡಿನುದ್ದಕ್ಕೂ ಹಾನಿ ಮಾಡುತ್ತದೆ. ಅಡ್ಡಗೀರಾದರೆ ಪ್ಲೇಯರು ತಾನೇ ಸರಿದೂಗಿಸಿಕೊಳ್ಳಬಲ್ಲದು. ಯಜಮಾನರು ಒರೆಸುವುದು ಪಂಚೆಯ ಅಂಚಿನಿಂದ, ಸುತ್ತಲೂ, ದೋಸೆ ಹುಯ್ಯುವವರ ಹಾಗೆ. ಬಾಯಿಂದ ಹಬೆ ಊದುವುದು, ಟೂತ್‌ಪೇಸ್ಟ್ ಸವರುವುದು, ತೊಳೆದು ಬಿಸಿಲಿಗೆ ಇಡುವುದು ಮುಂದಿನ ಹಂತಗಳು. ಎಲ್ಲ ಮುಗಿದು ಡಿಸ್ಕು ಓಡಿದರೆ ಕೀರ್ತಿ ಟೂತ್‌ಪೇಸ್ಟಿಗೆ, ಓಡದಿದ್ದರೆ ಬಾಡಿಗೆ ಲೈಬ್ರರಿಯವನಿಗೆ ದಂಡ.

ನಿಜವಾದ ಕಾಯಿಲೆಗಳು ಕೆಲವೇ. ಲೆನ್ಸಿಗೆ ಧೂಳು ಕೂತರೆ ಪರದೆಯ ಮೇಲೆ "ನೋ ಡಿಸ್ಕ್" ಬರುತ್ತದೆ. ಲೇಸರು ಕ್ಷೀಣಿಸಿದರೆ ಮೆಕ್ಯಾನಿಕ್ಕಿನ ಭಾಷೆಯಲ್ಲಿ "ಹೆಡ್ಡು ವೀಕು." ಸಿಡಿಗೆ 780 ನ್ಯಾನೊಮೀಟರಿನ ಲೇಸರು ಬೇಕು, ಡಿವಿಡಿಗೆ 650 ನ್ಯಾನೊಮೀಟರಿನದು. ಎರಡರಲ್ಲಿ ಒಂದು ಮಾತ್ರ ಸೋತಾಗ, ವಿಸಿಡಿ ಓಡಿ ಡಿವಿಡಿ ಓಡದ ಸ್ಥಿತಿ ಬರುತ್ತದೆ. ಆಗ ಯಜಮಾನರು ಹಳೆಯ ವಿಸಿಡಿಗಳ ಗುಣಮಟ್ಟವನ್ನು ಹೊಗಳಲಾರಂಭಿಸುತ್ತಾರೆ. ಟ್ರೇಯ ರಬ್ಬರ್ ಬೆಲ್ಟು ಸಡಿಲಾದರೆ ಬಾಗಿಲು ತೆರೆಯುವುದಿಲ್ಲ. ಒಳಗೆ ಬಾಡಿಗೆಯ ಡಿಸ್ಕು ಸಿಕ್ಕಿಕೊಂಡು, ದಿನದ ಬಾಡಿಗೆ ಏರುತ್ತಾ ಹೋಗುತ್ತದೆ. ಡಬ್ಬದೊಳಗೆ ಜಾಗವೂ ಬೆಚ್ಚನೆಯ ಗಾಳಿಯೂ ಇರುವುದರಿಂದ ಜಿರಲೆಗಳು ಸಂಸಾರ ಹೂಡುತ್ತವೆ. ಯಜಮಾನರು ಮುಚ್ಚಳ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಲೆನ್ಸ್ ಒರೆಸಿದರೆ ಗುಣವಾಗುವುದುಂಟು. ಸ್ಪಿರಿಟ್ ಸಿಗಲಿಲ್ಲವೆಂದು ಮಗಳ ನೈಲ್ ಪಾಲಿಶ್ ರಿಮೂವರ್ ಹಚ್ಚಿದರೆ, ಅದರಲ್ಲಿರುವ ಅಸಿಟೋನಿಗೆ ಪ್ಲಾಸ್ಟಿಕ್ ಲೆನ್ಸು ಮಂಕಾಗಿ, ಹೊಸ ಹೆಡ್ಡು ಹಾಕಿಸಬೇಕಾಗುತ್ತದೆ. ಈ ಖರ್ಚು ಆಮಂತ್ರಣದ ಹಿಂಬದಿಯ ಲೆಕ್ಕಕ್ಕೆ ಸೇರುವುದಿಲ್ಲ.

ಅತಿ ಕಠಿಣ ಪರೀಕ್ಷೆ ಮದುವೆಯ ಡಿವಿಡಿ. ವಿಡಿಯೊದವನು ಬರೆದು ಕೊಟ್ಟ ಡಿಸ್ಕು ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕಿನಷ್ಟು ಬೆಳಕನ್ನು ಪ್ರತಿಫಲಿಸುವುದಿಲ್ಲ, ಆದ್ದರಿಂದ ದುರ್ಬಲ ಲೇಸರು ಮೊದಲು ಎಡವುವುದು ಅಲ್ಲಿಯೇ. ಬೀಗರು ಬಂದು ಕೂತಿರುತ್ತಾರೆ, ಕಾಫಿ ಬಂದಿರುತ್ತದೆ. ಗಂಡಿನ ಕೈ ತಾಳಿ ಹಿಡಿದು ಮೇಲೆತ್ತಿದಲ್ಲೇ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ. ಯಜಮಾನರು ಫಾರ್ವರ್ಡ್ ಒತ್ತುತ್ತಾರೆ. ಚಿತ್ರ ನೇರವಾಗಿ ಊಟದ ಪಂಕ್ತಿಗೆ ಹೋಗುತ್ತದೆ. ಮುಹೂರ್ತವನ್ನು ಆ ಮನೆಯಲ್ಲಿ ಯಾರೂ ನೋಡಿಲ್ಲ, ಪಾಯಸ ಬಡಿಸಿದ್ದನ್ನು ಎಲ್ಲರೂ ನೋಡಿದ್ದಾರೆ. "ನಿಮ್ಮ ಕಡೆಯ ವಿಡಿಯೊದವನು ಸರಿಯಿಲ್ಲ" ಎಂದು ಯಜಮಾನರು ಹೇಳಿದ ಮಾತು ಎರಡು ಮನೆತನಗಳ ನಡುವೆ ಬಹುಕಾಲ ಉಳಿಯುತ್ತದೆ.

ಇಷ್ಟರಿಂದ ಯಜಮಾನರನ್ನು ಮೂರ್ಖರೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಒಂದು ವಿಷಯದಲ್ಲಿ ಗೆಲುವು ಅವರದೇ. ಸಿನಿಮಾ ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿ, ಒಂದು ವಲಯದ ಡಿಸ್ಕು ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಂತೆ ಬೀಗ ಹಾಕಿದ್ದವು. ಅಮೆರಿಕ 1ನೆಯ ವಲಯ, ಭಾರತ 5ನೆಯದು. ಎದುರುಮನೆಯವರಲ್ಲಿ ಮೂರು ಪಟ್ಟು ಬೆಲೆಯ, ಹೆಸರಾಂತ ಕಂಪನಿಯ ಪ್ಲೇಯರಿದೆ. ನ್ಯೂಜೆರ್ಸಿಯ ಅಳಿಯ ತಂದ ಡಿಸ್ಕನ್ನು ಅದು ವಲಯ ಸರಿಯಿಲ್ಲವೆಂದು ಉಗುಳುತ್ತದೆ. ಅಗ್ಗದ ಪ್ಲೇಯರು ತಯಾರಿಸಿದವರು ಆ ಬೀಗವನ್ನು ಹಾಕಿರುವುದೇ ಇಲ್ಲ, ಅಥವಾ ರಿಮೋಟಿನಲ್ಲಿ ನಾಲ್ಕು ಅಂಕಿ ಒತ್ತಿದರೆ ತೆರೆದುಕೊಳ್ಳುವಂತೆ ಬಿಟ್ಟಿರುತ್ತಾರೆ. ಅಮೆರಿಕದ ಎನ್‌ಟಿಎಸ್‌ಸಿ ಚಿತ್ರವನ್ನು ಅದು ನಮ್ಮ ಪಾಲ್ ಟಿ.ವಿ.ಗೆ ಹೊಂದುವಂತೆ ಬದಲಿಸಿಯೂ ಕೊಡುತ್ತದೆ. ಎಂಪಿ3 ಹಾಡು, ಫೋಟೊ ತುಂಬಿದ ಸಿಡಿ, ಒಂದೇ ಡಿಸ್ಕಿನಲ್ಲಿ ಆರು ಸಿನಿಮಾ ತುರುಕಿದ ಕಳ್ಳಮಾಲು, ಯಾವುದಕ್ಕೂ ಅದು ಮುಖ ತಿರುಗಿಸುವುದಿಲ್ಲ. ಅಳಿಯನ ಡಿಸ್ಕು ಹಿಡಿದು ಎದುರುಮನೆಯವರು ಬಾಗಿಲಿಗೆ ಬಂದ ದಿನ ಯಜಮಾನರ ಬಾಳಿನ ಪರಮೋಚ್ಚ ದಿನ. ಸಿನಿಮಾ ಇಂಗ್ಲಿಷಿನದು, ಯಾರಿಗೂ ಅರ್ಥವಾಗದು; ಆದರೂ ಅದನ್ನು ಕೊನೆಯ ಹೆಸರುಗಳವರೆಗೆ ಓಡಿಸಲಾಗುತ್ತದೆ.

ಇನ್ನೊಂದು ಹೆಚ್ಚುಗಾರಿಕೆ ಮುಂಬದಿಯ ಮೈಕಿನ ತೂತು. ದುಬಾರಿ ಪ್ಲೇಯರುಗಳಲ್ಲಿ ಬಹುಪಾಲು ಇಲ್ಲದ ಈ ಸೌಲಭ್ಯ ಅಗ್ಗದವುಗಳಲ್ಲಿ ಎರಡೆರಡು ಇರುತ್ತಿತ್ತು, ಪ್ರತಿಧ್ವನಿಯ ವ್ಯವಸ್ಥೆಯೂ ಸೇರಿ. ಸತ್ಯನಾರಾಯಣ ಪೂಜೆಯ ದಿನ ಪುರೋಹಿತರ ಮಂತ್ರ ಗುಹೆಯೊಳಗಿಂದ ಬಂದಂತೆ ಕೇಳಿಸಿದ ಮನೆಗಳುಂಟು. ಪ್ರಸಾದದ ನಂತರ ಯಜಮಾನರೇ ಮೈಕು ಹಿಡಿಯುತ್ತಿದ್ದರು. ಅಕ್ಕಪಕ್ಕದವರು ಕರೆಂಟು ಹೋಗಲೆಂದು ಬೇಡಿಕೊಳ್ಳುತ್ತಿದ್ದುದು ಆಗಲೇ.

ಮನೆಯಲ್ಲಿ ಒಂದು ಸಿನಿಮಾವನ್ನೂ ನೆಮ್ಮದಿಯಾಗಿ ನೋಡದವರು ಯಜಮಾನರೊಬ್ಬರೇ ಎಂಬುದನ್ನೂ ದಾಖಲಿಸಬೇಕು. ಅವರ ಕಣ್ಣು ಪರದೆಯ ಮೇಲಿರುವುದಿಲ್ಲ, ಪ್ಲೇಯರಿನ ಮುಂದಿನ ಹಸಿರು ಅಂಕಿಗಳ ಮೇಲಿರುತ್ತದೆ. ಅಂಕಿ ಓಡುತ್ತಿದ್ದರೆ ಅವರಿಗೆ ತೃಪ್ತಿ. ಕಥೆ ಏನೆಂದು ಕೇಳಿದರೆ ಹೇಳಲಾರರು. ಎಷ್ಟನೆಯ ನಿಮಿಷದಲ್ಲಿ ತಡವರಿಸಿತೆಂದು ಕೇಳಿದರೆ ಸೆಕೆಂಡಿನ ಸಮೇತ ಹೇಳುತ್ತಾರೆ.

ಕಾಲಾನಂತರ ಯುಎಸ್‌ಬಿ ತೂತುಳ್ಳ ಮಾದರಿಗಳು ಬಂದವು, ಪೆನ್‌ಡ್ರೈವಿನ ಎಂಕೆವಿ ಫೈಲುಗಳನ್ನು ಅವುಗಳಲ್ಲಿ ಅನೇಕವು ಓದಲಿಲ್ಲ. ಚಪ್ಪಟೆ ಟಿ.ವಿ.ಗಳು ಬಂದವು, ಎಚ್‌ಡಿಎಂಐ ಬಂತು, ಹಳದಿ ತೂತು ಮರೆಯಾಯಿತು. ಬಾಡಿಗೆ ಲೈಬ್ರರಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾದವು. ಸಿನಿಮಾ ಮಕ್ಕಳ ಫೋನಿಗೆ ಹೋಯಿತು. ಯಜಮಾನರ ಪ್ಲೇಯರು ಮಾತ್ರ ಕ್ರೋಶಾ ಹೊದಿಕೆಯಡಿ ಉಳಿದಿದೆ. ಎರಡು ಬಾರಿ ಹೆಡ್ಡು, ಒಮ್ಮೆ ಬೆಲ್ಟು, ಒಮ್ಮೆ ಪವರ್ ಬೋರ್ಡು ಬದಲಾಗಿ, ಮೂಲದ್ದೆನ್ನಲು ಡಬ್ಬವೂ ಆ ಚಿಪ್ಪೂ ಮಾತ್ರ ಇವೆ. ಆ ಖರ್ಚಿನಲ್ಲಿ ಹೆಸರಾಂತ ಕಂಪನಿಯದನ್ನೇ ಕೊಳ್ಳಬಹುದಾಗಿತ್ತೆಂಬುದು ಅವರಿಗೂ ಗೊತ್ತು. ಆದರೆ ಎದುರುಮನೆಯ ಹೆಸರಾಂತ ಪ್ಲೇಯರು ಬಿಡಿಭಾಗ ಸಿಗದೆ ಎಂದೋ ಗುಜರಿ ಸೇರಿತು ಎಂಬುದೂ ಗೊತ್ತು.

ಮದುವೆ, ಉಪನಯನ, ಮಕ್ಕಳ ಮೊದಲ ಹುಟ್ಟುಹಬ್ಬ ಡಿಸ್ಕಿನಲ್ಲಿ ಇರುವವರು ಅವನ್ನು ಆದಷ್ಟು ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಬರೆದ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ಡಿಸ್ಕು ಇನ್ನೂ ಓಡುತ್ತದೆಯೇ ಎಂದು ಪರೀಕ್ಷಿಸಲು ಓಡುವ ಪ್ಲೇಯರು ಬೇಕಾದರೆ ಈ ಯಜಮಾನರನ್ನೇ ಕೇಳಬೇಕು. ಅವರು ಸಂತೋಷದಿಂದ ಹಾಕಿ ತೋರಿಸುತ್ತಾರೆ. ಓಡದಿದ್ದರೆ ತಪ್ಪು ಖಂಡಿತ ಡಿಸ್ಕಿನದೇ ಎಂದು ಮೊದಲೇ ಒಪ್ಪಿಕೊಂಡು ಹೋಗುವುದು ಕ್ಷೇಮ.